ಬೇರೆಯವರ ಆಟ, ನಮ್ಮವರ ದುಡಿಮೆ

1997ರಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಊರುಗಳಲ್ಲಿ ವಿಡಿಯೊ ಗೇಮ್ ತಯಾರಿಸುವ ಎರಡು ಕಚೇರಿಗಳು ಬಾಗಿಲು ತೆರೆದವು. ಒಂದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ.

ಮಾಂಟ್ರಿಯಲ್‌ಗೆ ಬಂದದ್ದು ಫ್ರಾನ್ಸಿನ ಯೂಬಿಸಾಫ್ಟ್. ಕಂಪನಿ ತಾನಾಗಿ ಬಂದಿರಲಿಲ್ಲ, ಕರೆಸಿಕೊಂಡವರಿದ್ದರು. ಕ್ವಿಬೆಕ್ ಪ್ರಾಂತ್ಯದ ಸರ್ಕಾರಕ್ಕೆ ಓದಿದ ಯುವಕರಿಗೆ ಕೆಲಸ ಬೇಕಿತ್ತು. ಪ್ರಾಂತ್ಯದ ಸರ್ಕಾರ ಮತ್ತು ಕೆನಡಾದ ಕೇಂದ್ರ ಸರ್ಕಾರ ಸೇರಿ, ಕಂಪನಿ ಸೃಷ್ಟಿಸುವ 500 ಕೆಲಸಗಳಿಗೆ ಐದು ವರ್ಷ ಕಾಲ ತಲೆಗೆ ವರ್ಷಕ್ಕೆ 25,000 ಕೆನಡಾ ಡಾಲರ್ ನೆರವು ಕೊಡಲು ಒಪ್ಪಿದವು. ಹಿಂದೆ ಸಿದ್ಧ ಉಡುಪಿನ ಕಾರ್ಖಾನೆಯಾಗಿದ್ದ ಪೆಕ್ ಕಟ್ಟಡದಲ್ಲಿ ಕಂಪ್ಯೂಟರ್‌ಗಳು ಬಂದು ಕೂತವು. ಮುಂದೆ ಇದೇ ನೆರವು, ಗೇಮ್ ಕಂಪನಿಗಳ ಸಂಬಳದ ಖರ್ಚಿನಲ್ಲಿ ಶೇ 37.5ರವರೆಗೂ ಹಿಂದಿರುಗಿಸುವ ತೆರಿಗೆ ವಿನಾಯಿತಿಯಾಗಿ ಬೆಳೆಯಿತು. ದೂರದ ಊರಿಗೆ ಕೆಲಸ ಸಾಗಿಸಿ ಖರ್ಚು ಉಳಿಸುವುದು ಬಡ ದೇಶಗಳಿಂದ ಶುರುವಾಯಿತು ಎಂದು ನಂಬಿರುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಗೇಮ್ ಕೆಲಸವನ್ನು ಅಗ್ಗ ಮಾಡಿ ತೋರಿಸಿದ ಮೊದಲಿಗರಲ್ಲಿ ಒಂದು ಶ್ರೀಮಂತ ದೇಶದ ಬೊಕ್ಕಸವೂ ಇತ್ತು.

ಬೆಂಗಳೂರಿನಲ್ಲಿ ತಲೆಗಿಷ್ಟು ಎಂದು ಕೊಡುವವರು ಯಾರೂ ಇರಲಿಲ್ಲ. 1997ರ ಮಾರ್ಚ್‌ನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆಕ್ಟಿವ್ ಭಾರತದ ಮೊದಲ ಗೇಮ್ ಕಂಪನಿಗಳಲ್ಲೊಂದು. ಸಾಫ್ಟ್‌ವೇರ್ ರಫ್ತಿಗೆ ಆಗ ಆದಾಯ ತೆರಿಗೆ ರಜೆ ಇತ್ತು, ಎಂಜಿನಿಯರ್‌ಗಳಿದ್ದರು, ಚಿತ್ರಕಲಾ ಶಾಲೆಗಳಿಂದ ಬಂದ ಹುಡುಗರಿದ್ದರು. ಇಲ್ಲದಿದ್ದದ್ದು ಕೊಳ್ಳುವ ಜನ. ಮನೆಗಳಲ್ಲಿ ಕಂಪ್ಯೂಟರ್ ಅಪರೂಪ, ಇದ್ದ ಕಡೆಯೂ ಗೇಮು ಎಂದರೆ ನಕಲಿ ಸಿ.ಡಿ. ಸ್ವಂತ ಆಟ ಮಾಡಿ ಊರಲ್ಲೇ ಮಾರಿ ಬದುಕುವ ದಾರಿ ಮೊದಲ ದಿನದಿಂದಲೇ ಮುಚ್ಚಿತ್ತು. ಫ್ರಾನ್ಸಿನ ಇನ್‌ಫೊಗ್ರಾಮ್ಸ್ ಕಂಪನಿಯಿಂದ ‘ಮಿಷನ್ ಇಂಪಾಸಿಬಲ್’ ಆಟದ ಪಿ.ಸಿ. ಆವೃತ್ತಿಯ ಕೆಲಸ ಸಿಕ್ಕಿದಾಗ ಧ್ರುವಕ್ಕೆ ಹೊರದೇಶದ ಬಾಗಿಲು ತೆರೆಯಿತು. ಆ ಬಾಗಿಲಿನಿಂದ ಬರುವುದು ಬೇರೆಯವರ ಆಟ, ಬೇರೆಯವರ ಗಡುವು. ಇದು ಅಂದು ಯಾರಿಗೂ ಕೊರತೆಯಾಗಿ ಕಂಡಿರಲಿಕ್ಕಿಲ್ಲ. ಬೆಂಗಳೂರಿನ ಇಡೀ ಸಾಫ್ಟ್‌ವೇರ್ ಉದ್ಯಮ ನಿಂತದ್ದೇ ಆ ತಳಹದಿಯ ಮೇಲೆ.

ಏಳು ವರ್ಷ ಕಳೆದು ಬಂದ 2004ನೇ ಇಸವಿ ಈ ಕಥೆಯ ಮೊದಲ ದೊಡ್ಡ ತಿರುವು.

ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಅಂಕಣಕಾರ ಥಾಮಸ್ ಫ್ರೀಡ್‌ಮನ್ ಟಿ.ವಿ. ಸಾಕ್ಷ್ಯಚಿತ್ರಕ್ಕಾಗಿ ಬೆಂಗಳೂರಿಗೆ ಬಂದರು. ಇನ್ಫೊಸಿಸ್‌ನಲ್ಲಿ ನಂದನ್ ನಿಲೇಕಣಿ ಜೊತೆ ಆಡಿದ ಮಾತು ಮುಂದೆ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಪುಸ್ತಕದ ಬೀಜವಾಯಿತು. ಅದೇ ಭೇಟಿಯಲ್ಲಿ ಫ್ರೀಡ್‌ಮನ್ ಧ್ರುವದ ರಾಜೇಶ್ ರಾವ್ ಅವರನ್ನೂ ಕಂಡರು. ಚಾರ್ಲಿ ಚಾಪ್ಲಿನ್ ಹೆಸರಿನ ಮೊಬೈಲ್ ಗೇಮಿನ ಹಕ್ಕು ಬೆಂಗಳೂರಿನ ಪುಟ್ಟ ಕಂಪನಿಗೆ ಸಿಕ್ಕಿದೆ ಎಂಬ ಸಂಗತಿಯನ್ನು ಅಮೆರಿಕದ ಓದುಗರ ಮುಂದಿಟ್ಟರು. ಜಗತ್ತು ಸಮತಟ್ಟಾಗಿದೆ ಎಂಬ ವಾದಕ್ಕೆ ಧ್ರುವ ಒಂದು ಉದಾಹರಣೆಯಾಯಿತು. ಅದೇ 2004ರಲ್ಲಿ ಶಾಂಘೈಯಲ್ಲಿ ವರ್ಚುವೊಸ್, ಗುರುಗ್ರಾಮದಲ್ಲಿ ಲಕ್ಷ್ಯ ಡಿಜಿಟಲ್ ಹುಟ್ಟಿದವು. ಎರಡೂ ಮುಂದೆ ಬೇರೆಯವರ ಆಟಗಳಿಗೆ ಚಿತ್ರ, ಮಾದರಿ ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡು ಬೆಳೆದ ಕಂಪನಿಗಳು.

ನವೆಂಬರ್‌ನಲ್ಲಿ ಮತ್ತೊಂದು ತುದಿಯಿಂದ ಸದ್ದು ಎದ್ದಿತು. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಲಾಸ್ ಏಂಜಲೀಸ್ ಸ್ಟುಡಿಯೊದಲ್ಲಿ ದುಡಿಯುತ್ತಿದ್ದ ಪ್ರೋಗ್ರಾಮರ್ ಒಬ್ಬರ ಸಂಗಾತಿ, ‘ಇ.ಎ. ಸ್ಪೌಸ್’ ಎಂಬ ಹೆಸರಿನಲ್ಲಿ ಬಹಿರಂಗ ಪತ್ರ ಬರೆದರು. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಹತ್ತರವರೆಗೆ, ವಾರಕ್ಕೆ ಏಳೂ ದಿನ ದುಡಿಮೆ; ಅದಕ್ಕೆ ಹೆಚ್ಚುವರಿ ಭತ್ಯೆಯಿಲ್ಲ, ಬದಲಿ ರಜೆಯಿಲ್ಲ. ದುಡಿದ ಸಂಗಾತಿ ಮನೆಗೆ ಬರುವುದು ತಲೆನೋವು, ಹೊಟ್ಟೆನೋವು ಹೊತ್ತುಕೊಂಡು. ಗಡುವು ಹತ್ತಿರವಾದಾಗಿನ ಈ ಹಗಲುರಾತ್ರಿಯ ದುಡಿತಕ್ಕೆ ಉದ್ಯಮದಲ್ಲಿ ಕ್ರಂಚ್ ಎನ್ನುತ್ತಾರೆ. ಪತ್ರ ಹೊರಬಂದದ್ದೇ ತಡ, ಸಾವಿರಾರು ಜನ ತಮ್ಮ ಕಥೆಯೂ ಇದೇ ಎಂದರು. ಬರೆದವರು ಎರಿನ್ ಹಾಫ್‌ಮನ್ ಎಂಬುದು ಗೊತ್ತಾದದ್ದು 2006ರಲ್ಲಿ. ಅಷ್ಟರಲ್ಲಿ ಎರಡು ದಾವೆಗಳು ರಾಜಿಯಾಗಿದ್ದವು. ಕಲಾವಿದರಿಗೆ 2005ರಲ್ಲಿ 1.56 ಕೋಟಿ ಡಾಲರ್, ಪ್ರೋಗ್ರಾಮರ್‌ಗಳಿಗೆ 2006ರಲ್ಲಿ 1.49 ಕೋಟಿ ಡಾಲರ್ ಕೊಡಲು ಕಂಪನಿ ಒಪ್ಪಿತು. ಕೆಳಹಂತದ ಹಲವರಿಗೆ ಗಂಟೆ ಲೆಕ್ಕದ ಸಂಬಳ, ಓವರ್‌ಟೈಮ್ ಬಂತು. ಅದಕ್ಕೆ ಪ್ರತಿಯಾಗಿ ಷೇರು, ಬೋನಸ್ ಹೋಯಿತು.

ಕ್ಯಾಲಿಫೋರ್ನಿಯಾದಲ್ಲಿ ಗಂಟೆಗೆ ಬೆಲೆ ಬಂದದ್ದಕ್ಕೇ ಕೆಲಸ ಏಷ್ಯಾಕ್ಕೆ ಹರಿಯಿತು ಎಂದು ಗಂಟು ಹಾಕುವುದು ಸುಲಭ, ಆದರೆ ಅವಸರದ ಮಾತು. ಹೆಚ್ಚು ಬಲವಾದ ಕಾರಣ ಯಂತ್ರದಲ್ಲೇ ಇತ್ತು. 2005ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸ್ 360, ಮರುವರ್ಷ ಪ್ಲೇಸ್ಟೇಷನ್ 3 ಬಂದವು. ಎಚ್‌.ಡಿ. ಟಿ.ವಿ.ಯಲ್ಲಿ ಗೋಡೆಯ ಬಿರುಕು, ಚರ್ಮದ ಸುಕ್ಕು ಎಲ್ಲವೂ ಕಾಣತೊಡಗಿತು. ಕಂಡದ್ದನ್ನೆಲ್ಲ ಯಾರಾದರೂ ಕೂತು ಮಾಡಬೇಕಲ್ಲ. ಆಟದ ನಿಯಮ ಬರೆಯಲು ಬೇಕಾದ ಜನ ಅಷ್ಟಾಗಿ ಹೆಚ್ಚಲಿಲ್ಲ. ಆಟದ ಲೋಕಕ್ಕೆ ಸಾಮಾನು ತುಂಬುವ ಕಲಾವಿದರ ಸಂಖ್ಯೆ ಮಾತ್ರ ಏರುತ್ತಲೇ ಹೋಯಿತು.

ಒಂದು ರೇಸಿಂಗ್ ಆಟದ ಕಾರನ್ನೇ ತೆಗೆದುಕೊಳ್ಳಿ. ಧ್ರುವ ಹೆಸರು ಮಾಡಿದ್ದೇ ಇಂಥ ಕೆಲಸದಲ್ಲಿ. ಮೈಕ್ರೊಸಾಫ್ಟ್‌ನ ‘ಫೋರ್ಝಾ’ ಸರಣಿಗೆ ಅದು ದುಡಿದಿದೆ. ಮೊದಲು ಬೆಂಗಳೂರಿಗೆ ಬರುವುದು ಒಂದು ಫೋಲ್ಡರ್. ಅದರಲ್ಲಿ ಕಾರಿನ ನಕ್ಷೆ ಮತ್ತು ಎಲ್ಲ ಮಗ್ಗುಲಿನ ಫೋಟೊಗಳು. ಹೆಡ್‌ಲೈಟಿನ ಒಳಗಿನ ಕನ್ನಡಿ, ಸೀಟಿನ ಹೊಲಿಗೆ, ಬಾಗಿಲು ಮತ್ತು ಬಾಡಿ ಸೇರುವ ಸಂದು ಕೂಡ ಇರುತ್ತದೆ. ಕಲಾವಿದ ಅದನ್ನು ನೋಡಿಕೊಂಡು ಪರದೆಯ ಮೇಲೆ ಬಲೆಯಂತೆ ಹೆಣೆದ ಮಾದರಿ ಕಟ್ಟುತ್ತಾನೆ. ಮೊದಲು ಅತಿ ಸೂಕ್ಷ್ಮವಾದದ್ದು, ಆಮೇಲೆ ಯಂತ್ರಕ್ಕೆ ಭಾರವಾಗದಂತೆ ಸರಳಗೊಳಿಸಿದ್ದು. ಮಾದರಿಯ ಮೇಲ್ಮೈಯನ್ನು ಬಿಡಿಸಿ ಚಪ್ಪಟೆಯಾಗಿ ಹರಡಿ ಬಣ್ಣ, ಹೊಳಪು, ಗೀರು ಹಚ್ಚಬೇಕು. ಕಾರು ದೂರ ಹೋದಂತೆ ಬಳಕೆಯಾಗುವ ಕಡಿಮೆ ವಿವರದ ಪ್ರತಿಗಳನ್ನೂ ಬೇರೆ ಮಾಡಬೇಕು. ಸಂಜೆ ಕಳಿಸಿದರೆ ಮರುದಿನ ಬೆಳಿಗ್ಗೆ ಉತ್ತರ ಕಾದಿರುತ್ತದೆ: ಕಾರಿನ ಚಿತ್ರದ ಮೇಲೆ ಕೆಂಪು ಗೀಟುಗಳು, ಬಾನೆಟ್ಟಿನ ಬಾಗು ಕೂದಲೆಳೆಯಷ್ಟು ತಪ್ಪಿದೆ, ಸರಿಪಡಿಸಿ ಎಂಬ ಟಿಪ್ಪಣಿ. ಮತ್ತೆ ತಿದ್ದುವುದು, ಮತ್ತೆ ಕಳಿಸುವುದು. ಇಷ್ಟು ಕಣ್ಣು, ಇಷ್ಟು ಸಹನೆ ಬೇಡುವ ಕೆಲಸವನ್ನು ‘ಅಗ್ಗದ ಕೂಲಿ’ ಎಂಬ ಎರಡೇ ಪದಗಳಲ್ಲಿ ಮುಗಿಸಿಬಿಡುವುದು ಅನ್ಯಾಯ. ಕೆಲಸ ಹಿಡಿದದ್ದು ದರ ಕಡಿಮೆಯೆಂದೇ ಇರಬಹುದು. ಎರಡು ದಶಕ ಉಳಿದದ್ದು ಕೈಗುಣದಿಂದ.

ದರದ ಲೆಕ್ಕವೂ ಇರಲಿ. ಅಮೆರಿಕದ ಸ್ಟುಡಿಯೊಗಳಲ್ಲಿ ಒಬ್ಬ ನೌಕರನ ಸಂಬಳ, ಬಾಡಿಗೆ, ವಿಮೆ ಎಲ್ಲ ಸೇರಿ ತಿಂಗಳಿಗೆ ಸುಮಾರು 10,000 ಡಾಲರ್ ಎಂಬುದು ಉದ್ಯಮದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಅಂದಾಜು. ನೂರು ಜನ ಮೂರು ವರ್ಷ ಕೂತರೆ 3.6 ಕೋಟಿ ಡಾಲರ್. ಅದು ಆಟ ಮಾರಾಟಕ್ಕೆ ಹೋಗುವ ಮುನ್ನವೇ ಕರಗುವ ಹಣ. ಕಲಾವಿದರನ್ನು ಖಾಯಂ ಇಟ್ಟುಕೊಂಡರೆ ಒಂದು ಆಟ ಮುಗಿದು ಇನ್ನೊಂದು ಶುರುವಾಗುವವರೆಗೆ ಸುಮ್ಮನೆ ಸಂಬಳ ಎಣಿಸಬೇಕು. ಹೊರಗುತ್ತಿಗೆಗೆ ಕೊಟ್ಟರೆ ಕಾರಿಗಿಷ್ಟು, ತಿಂಗಳಿಗಿಷ್ಟು ಎಂದು ಬಿಲ್ಲು ಪಾವತಿಸಿ ಕೈತೊಳೆದುಕೊಳ್ಳಬಹುದು. ಅಂದರೆ ಕಂಪನಿಗಳು ಉಳಿಸಿದ್ದು ಡಾಲರ್-ರೂಪಾಯಿ ನಡುವಿನ ಅಂತರವನ್ನಷ್ಟೇ ಅಲ್ಲ. ಕೆಲಸವಿಲ್ಲದ ತಿಂಗಳುಗಳ ಭಾರವನ್ನೂ ದಾಟಿಸಿದವು. ಆ ಭಾರ ಬೆಂಗಳೂರಿಗೆ, ಶಾಂಘೈಗೆ, ಕ್ವಾಲಾಲಂಪುರಕ್ಕೆ ಬಂತು.

ಖರ್ಚು ಅದರಿಂದ ಇಳಿಯಲೂ ಇಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಸೋನಿ ಕಂಪನಿ ಸಲ್ಲಿಸಿದ ದಾಖಲೆಯ ಗುಟ್ಟಿನ ಸಾಲುಗಳ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರು. ಸ್ಕ್ಯಾನ್ ಆದಾಗ ಮಸಿಯ ಹಿಂದಿನ ಅಂಕಿಗಳು ಇಣುಕಿದವು: ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ತಗುಲಿದ್ದು 22 ಕೋಟಿ ಡಾಲರ್, ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21.2 ಕೋಟಿ. ಹೊರಗಿನ ಸ್ಟುಡಿಯೊಗಳ ನೆರವಿದ್ದೂ ಇಷ್ಟು. ಉಳಿತಾಯವಾದ ಹಣ ಇನ್ನಷ್ಟು ವಿವರ, ಇನ್ನಷ್ಟು ದೊಡ್ಡ ಲೋಕಗಳಿಗೆ ಹೋಯಿತು. ಒಂದು ಆಟ ಸೋತರೆ ಇಡೀ ಕಂಪನಿ ಮುಳುಗುವಷ್ಟು ಪಣ ಏರಿತು.

ಹಾಗೆ ಮುಳುಗುವ ಹಂತಕ್ಕೆ ಬಂದದ್ದು ಸ್ವೀಡನ್ನಿನ ಸ್ಟಾರ್‌ಬ್ರೀಜ್. ಅದರ ಅಲೆ ನೇರ ಬೆಂಗಳೂರಿಗೇ ಬಡಿಯಿತು.

ಸ್ಟಾಕ್‌ಹೋಮ್‌ನ ಈ ಕಂಪನಿ 2013ರ ‘ಪೇಡೇ 2’ ಆಟದಿಂದ ಸಿರಿವಂತವಾಗಿತ್ತು. ಆ ದುಡ್ಡಿನಲ್ಲಿ ಅದು ಎಲ್ಲ ದಿಕ್ಕಿಗೂ ಕೈಚಾಚಿತು. ವರ್ಚುವಲ್ ರಿಯಾಲಿಟಿ ಸಾಧನಕ್ಕೆ ಇಳಿಯಿತು, ಬೇರೆ ಸ್ಟುಡಿಯೊಗಳ ಆಟಗಳ ಪ್ರಕಾಶನಕ್ಕೆ ಹಣ ಹೂಡಿತು, ಆಟ ಕಟ್ಟಲು ಬಳಸುವ ವಾಲ್ಹಲ್ಲಾ ಎಂಬ ಗೇಮ್ ಎಂಜಿನ್ ತಂತ್ರಾಂಶ ಕೊಂಡಿತು. 2016ರ ಡಿಸೆಂಬರ್‌ನಲ್ಲಿ ಧ್ರುವದ ಶೇ 90.5ರಷ್ಟು ಪಾಲನ್ನು ಸುಮಾರು 85 ಲಕ್ಷ ಡಾಲರ್‌ಗೆ ಖರೀದಿಸಿತು. ಆಗ ಧ್ರುವದಲ್ಲಿ 300ಕ್ಕೂ ಹೆಚ್ಚು ಜನ ಇದ್ದರು. ಎರಡು ದಶಕ ಗಿರಾಕಿ ಹುಡುಕುತ್ತ ಬಂದ ಕಂಪನಿಗೆ ಈಗ ಒಬ್ಬ ಒಡೆಯ ಸಿಕ್ಕಿದ್ದ. ಕೆಲಸಕ್ಕೆ ಕಾಯಬೇಕಿಲ್ಲ ಎಂಬ ನೆಮ್ಮದಿ ಅನೇಕರಿಗೆ ಆಗಿದ್ದರೆ ಅಚ್ಚರಿಯಿಲ್ಲ.

ಸ್ಟಾರ್‌ಬ್ರೀಜ್ ತನ್ನ ಭವಿಷ್ಯವನ್ನೆಲ್ಲ ಕಟ್ಟಿದ್ದು ‘ಓವರ್‌ಕಿಲ್ಸ್ ದಿ ವಾಕಿಂಗ್ ಡೆಡ್’ ಎಂಬ ಒಂದು ಆಟದ ಮೇಲೆ. ಜನಪ್ರಿಯ ಕಾಮಿಕ್ಸ್‌ನ ಹೆಸರು ಇತ್ತು, ಪ್ರಚಾರವಿತ್ತು. ಆದರೆ ಆಟ ವರ್ಷಗಟ್ಟಲೆ ತಡವಾಯಿತು. ಕೊಂಡುಕೊಂಡಿದ್ದ ಎಂಜಿನ್ ಕೈಕೊಟ್ಟು, ನಡುದಾರಿಯಲ್ಲಿ ಅನ್‌ರಿಯಲ್ ಎಂಜಿನ್‌ಗೆ ಬದಲಾಯಿಸಬೇಕಾಯಿತು. 2018ರ ನವೆಂಬರ್ 6ರಂದು ಬಿಡುಗಡೆಯಾದಾಗ ವಿಮರ್ಶಕರು ಒಪ್ಪಲಿಲ್ಲ, ಆಟಗಾರರು ಕೊಳ್ಳಲಿಲ್ಲ. ತಿಂಗಳು ತುಂಬುವುದರೊಳಗೆ, ಡಿಸೆಂಬರ್ 3ರಂದು, ಕಂಪನಿ ಸಾಲ ಕೊಟ್ಟವರಿಂದ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಮುಖ್ಯಸ್ಥ ಬೋ ಆಂಡರ್ಸನ್ ಹುದ್ದೆ ಬಿಟ್ಟರು. 2019ರ ಫೆಬ್ರುವರಿಯಲ್ಲಿ ಹಕ್ಕುದಾರರಾದ ಸ್ಕೈಬೌಂಡ್ ಪರವಾನಗಿಯನ್ನೇ ವಾಪಸು ಪಡೆದರು.

ಆಮೇಲೆ ನಡೆದದ್ದು ಆಸ್ತಿ ಮಾರಾಟ. ‘ಸಿಸ್ಟಂ ಶಾಕ್ 3’ರ ಪ್ರಕಾಶನದ ಹಕ್ಕು ಹೋಯಿತು, ‘ಸೈಕೊನಾಟ್ಸ್ 2’ರದು ಮೈಕ್ರೊಸಾಫ್ಟ್ ಪಾಲಾಯಿತು. ಆ ಪಟ್ಟಿಯಲ್ಲೇ ಧ್ರುವವೂ ಇತ್ತು. 2019ರ ಮೇ ತಿಂಗಳಲ್ಲಿ ಶೇ 91.82ರಷ್ಟು ಪಾಲು 79 ಲಕ್ಷ ಡಾಲರ್‌ಗೆ ರಾಕ್‌ಸ್ಟಾರ್ ಗೇಮ್ಸ್ ಕೈಸೇರಿತು. ಬೆಂಗಳೂರಿನ ಕಲಾವಿದರು ತಪ್ಪಾದ ಕಾರು ಮಾಡಿರಲಿಲ್ಲ, ಗಡುವು ಮೀರಿರಲಿಲ್ಲ. ಏಳು ಸಾವಿರ ಕಿಲೊಮೀಟರ್ ದೂರದಲ್ಲಿ ಆದ ಎಡವಟ್ಟಿಗೆ ಇಲ್ಲಿನ 300 ಕುಟುಂಬಗಳ ಅನ್ನದ ಒಡೆತನ ಕೈಬದಲಾಯಿತು. ಹೊರಗುತ್ತಿಗೆಯ ಅಪಾಯವೆಂದರೆ ಸಂಬಳ ಕಡಿಮೆ ಎಂಬುದಷ್ಟೇ ಎಂದುಕೊಂಡವರು ಈ ಆರು ತಿಂಗಳನ್ನು ನೆನಪಿಡಬೇಕು. ನಮ್ಮ ಹಳ್ಳಿಗಳಲ್ಲಿ ಒಡೆಯನ ಸಾಲಕ್ಕೆ ಹೊಲ ಹರಾಜಾದಾಗ ಗೇಣಿದಾರನೂ ಹೊಲದ ಜೊತೆಗೇ ಹೊಸ ಧಣಿಯ ಕೈಗೆ ಹೋಗುತ್ತಿದ್ದ; ಧ್ರುವದ ನೌಕರರಿಗೆ ಆದದ್ದೂ ಅದೇ.

ಈ ಸಲ ಹೊಸ ಧಣಿ ಗಟ್ಟಿಗನಾಗಿದ್ದ, ಅದು ಅದೃಷ್ಟ. ‘ಗ್ರ್ಯಾಂಡ್ ಥೆಫ್ಟ್ ಆಟೊ’ ತಯಾರಕರಾದ ರಾಕ್‌ಸ್ಟಾರ್ 2016ರಲ್ಲೇ ಬೆಂಗಳೂರಿನಲ್ಲಿ ಕಚೇರಿ ತೆರೆದಿತ್ತು. ಧ್ರುವ ಅದರಲ್ಲಿ ಸೇರಿಹೋಯಿತು, ಹೆಸರು ಅಳಿಯಿತು. ಅಲ್ಲಿಯವರೆಗೆ ಹತ್ತಾರು ಗಿರಾಕಿಗಳಿಗೆ ದುಡಿಯುತ್ತಿದ್ದವರು ಒಂದೇ ಕಂಪನಿಯ ಖಾಯಂ ನೌಕರರಾದರು. ಅದರ ಜೊತೆಗೇ ಆ ಕಂಪನಿಯ ಚರಿತ್ರೆಯೂ ಬಂತು. ‘ರೆಡ್ ಡೆಡ್ ರಿಡೆಂಪ್ಷನ್ 2’ ಬಿಡುಗಡೆಯ ಹೊತ್ತಿಗೆ, 2018ರ ಅಕ್ಟೋಬರ್‌ನಲ್ಲಿ, ಸಹಸಂಸ್ಥಾಪಕ ಡ್ಯಾನ್ ಹೌಸರ್ ವಾರಕ್ಕೆ ನೂರು ಗಂಟೆ ದುಡಿದ ಮಾತಾಡಿ ದೊಡ್ಡ ಗದ್ದಲವಾಗಿತ್ತು. ಅದು ಮೂರು ವಾರಗಳ ಮಟ್ಟಿಗೆ, ಹಿರಿಯ ಬರಹಗಾರರ ಸಣ್ಣ ತಂಡಕ್ಕೆ ಸೀಮಿತ ಎಂದು ಆಮೇಲೆ ಸ್ಪಷ್ಟನೆ ಬಂತು. ಆದರೂ ಹದಿನಾಲ್ಕು ವರ್ಷಗಳ ಹಿಂದೆ ಲಾಸ್ ಏಂಜಲೀಸ್‌ನಿಂದ ಬಂದ ಪತ್ರದ ಪ್ರಶ್ನೆ ಇತ್ಯರ್ಥವಾಗಿಲ್ಲ ಎಂಬುದು ಬಯಲಾಯಿತು.

ವಿದ್ವಾಂಸರ ನಡುವೆ ಈ ಇತಿಹಾಸದ ಬಗ್ಗೆ ಒಮ್ಮತವಿಲ್ಲ. ಫ್ರೀಡ್‌ಮನ್ ಇದನ್ನು ಅವಕಾಶದ ಕಥೆಯಾಗಿ ಕಂಡರು. ಗಡಿಗಳು, ಕಾನೂನುಗಳು, ದೂರ ಇವತ್ತಿಗೂ ವ್ಯಾಪಾರವನ್ನು ಬಿಗಿಯಾಗಿ ಹಿಡಿದಿವೆ, ಜಗತ್ತು ಸಮತಟ್ಟಾಗಿಲ್ಲ ಎಂದು ಪಂಕಜ್ ಘೆಮಾವತ್ 2007ರಲ್ಲಿ ವಾದಿಸಿದರು. ನಿಕ್ ಡೈಯರ್-ವಿದರ್‌ಫೋರ್ಡ್ ಮತ್ತು ಗ್ರೇಗ್ ದ ಪ್ಯೂಟರ್ 2009ರ ‘ಗೇಮ್ಸ್ ಆಫ್ ಎಂಪೈರ್’ನಲ್ಲಿ, ಆಟಗಳ ಥಳಕು ನಿಂತಿರುವುದೇ ಲೆಕ್ಕಕ್ಕೆ ಬಾರದ ದುಡಿಮೆಯ ಮೇಲೆ ಎಂದರು. ಅವಕಾಶ ನಿಜ, ಅದನ್ನು ಅಲ್ಲಗಳೆಯಲಾಗದು. ಸಾವಿರಾರು ಯುವಕ ಯುವತಿಯರು ಈ ಕೆಲಸದಿಂದ ಮನೆ ಕಟ್ಟಿದ್ದಾರೆ. ಆದರೆ ನೆಲ ಸಮತಟ್ಟಾಗಿದ್ದರೆ ಲಾಭವೂ ಹರಿದು ಬರಬೇಕಿತ್ತು. ಬಂದದ್ದು ಬಿಲ್ಲಿನ ಹಣ ಮಾತ್ರ. ಆಟ ಕೋಟಿ ಪ್ರತಿ ಮಾರಿದರೂ ಕಾರು ಮಾಡಿದವನ ಪಾಲಿಗೆ ಒಂದು ಪೈಸೆ ಹೆಚ್ಚಿಗೆ ಇಲ್ಲ.

ಇದನ್ನು ಬೆಂಗಳೂರಿನದೇ ಇನ್ನೊಂದು ಮಾರಾಟ ಚೆನ್ನಾಗಿ ತೋರಿಸುತ್ತದೆ. ಅಮೆರಿಕದ ಜಿಂಗಾ ಕಂಪನಿ 2010ರಲ್ಲಿ ಬೆಂಗಳೂರಿನಲ್ಲಿ ಸ್ಟುಡಿಯೊ ತೆರೆಯಿತು. ಅಲ್ಲಿ ಕೆಲಸ ಕಲಿತ ಕೆಲವರು 2013ರಲ್ಲಿ ಹೊರಬಂದು ಮೂನ್‌ಫ್ರಾಗ್ ಲ್ಯಾಬ್ಸ್ ಕಟ್ಟಿದರು. ಅಷ್ಟೊತ್ತಿಗೆ ಅಗ್ಗದ ಸ್ಮಾರ್ಟ್‌ಫೋನ್ ಬಂದು, 1997ರಲ್ಲಿ ಇಲ್ಲದಿದ್ದ ಊರಿನ ಮಾರುಕಟ್ಟೆ ಹುಟ್ಟಿಕೊಂಡಿತ್ತು. ಅವರು ಮಾಡಿದ್ದು ‘ತೀನ್ ಪತ್ತಿ ಗೋಲ್ಡ್’, ‘ಲೂಡೊ ಕ್ಲಬ್’. ಕಲೆಯ ದೃಷ್ಟಿಯಿಂದ ಅವು ಧ್ರುವದ ಕಾರುಗಳ ಹತ್ತಿರಕ್ಕೂ ಬರುವಂಥವಲ್ಲ. ಆದರೆ ಅವು ಅವರ ಸ್ವಂತದವು. 2021ರಲ್ಲಿ ಸ್ಟಿಲ್‌ಫ್ರಂಟ್ ಎಂಬ ಕಂಪನಿ, ಅದೂ ಸ್ಟಾಕ್‌ಹೋಮ್‌ನದೇ, ಮೂನ್‌ಫ್ರಾಗ್‌ಗೆ ಕಟ್ಟಿದ ಬೆಲೆ ಸುಮಾರು 9 ಕೋಟಿ ಡಾಲರ್. ಇಪ್ಪತ್ತೆರಡು ವರ್ಷದ ಅನುಭವ, 300 ಜನರ ಕಸುಬು ಎರಡೂ ಇದ್ದ ಧ್ರುವಕ್ಕೆ ಸಿಕ್ಕಿದ್ದು ಅದರ ಹತ್ತನೇ ಒಂದಂಶಕ್ಕೂ ಕಡಿಮೆ. ಎರಡೂ ಕಂಪನಿಗಳ ಮಾರುಕಟ್ಟೆ ಬೇರೆ, ಕಾಲವೂ ಬೇರೆ ಎಂಬ ಆಕ್ಷೇಪ ನ್ಯಾಯವೇ. ಹಾಗಿದ್ದೂ ಇಷ್ಟು ದೊಡ್ಡ ಅಂತರದಲ್ಲಿ ಸ್ವಂತ ಆಟದ ಪಾಲು ದೊಡ್ಡದು.

ಪರರ ಆಟವನ್ನು ಪೂರ್ತಿಯಾಗಿ ಕೈಗೆತ್ತಿಕೊಳ್ಳುವ ಪ್ರಯತ್ನವೂ ನಡೆಯಿತು. 2003ರಲ್ಲಿ ಮಾಂಟ್ರಿಯಲ್‌ನಲ್ಲಿ ತಯಾರಾಗಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ: ಸ್ಯಾಂಡ್ಸ್ ಆಫ್ ಟೈಮ್’ ಆಟದ ಹೊಸ ರೂಪವನ್ನು ಯೂಬಿಸಾಫ್ಟ್ ತನ್ನ ಪುಣೆ, ಮುಂಬೈ ಸ್ಟುಡಿಯೊಗಳಿಗೆ ವಹಿಸಿ 2020ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಟ್ರೇಲರ್ ನೋಡಿದವರು ಚಿತ್ರಗಳು ಹಳತಾಗಿ ಕಾಣುತ್ತವೆ ಎಂದು ಹರಿಹಾಯ್ದರು. ಬಿಡುಗಡೆ ಎರಡು ಸಲ ಮುಂದೆ ಹೋಯಿತು. 2022ರ ಮೇ ತಿಂಗಳಲ್ಲಿ ಕೆಲಸ ಮಾಂಟ್ರಿಯಲ್‌ಗೆ ಮರಳಿತು. ಬಿಡಿಭಾಗ ಮಾಡುವ ಪರಿಣತಿ ಮತ್ತು ಇಡೀ ಆಟವನ್ನು ಹೊರುವ ಪರಿಣತಿ ಬೇರೆ ಬೇರೆ. ಎರಡನೆಯದು ಹೊತ್ತು ಎಡವಿಯೇ ಬರುವಂಥದು; ಎಡವಲು ಅಲ್ಲಿನವರಿಗೆ ಸಿಕ್ಕ ಸಮಯ ಇಲ್ಲಿನವರಿಗೆ ಸಿಗಲಿಲ್ಲ.

ಈ ನಡುವೆ ಹೊರಗುತ್ತಿಗೆಯೇ ಭಾರಿ ವ್ಯವಹಾರವಾಗಿ ಬೆಳೆದಿತ್ತು. 1998ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಕೀವರ್ಡ್ಸ್ ಸ್ಟುಡಿಯೋಸ್ 2013ರಲ್ಲಿ ಲಂಡನ್ ಷೇರುಪೇಟೆಗೆ ಇಳಿದು, ಮರುವರ್ಷ ಗುರುಗ್ರಾಮದ ಲಕ್ಷ್ಯವನ್ನು ನುಂಗಿ, 2024ರಲ್ಲಿ ಸುಮಾರು 210 ಕೋಟಿ ಪೌಂಡ್‌ಗೆ ಒಂದು ಹೂಡಿಕೆ ಸಂಸ್ಥೆಗೆ ಮಾರಾಟವಾಯಿತು. ಅದರ ಕೆಲಸಗಾರರು ಏಷ್ಯಾದಲ್ಲಷ್ಟೇ ಇರಲಿಲ್ಲ. ಕೆನಡಾದ ಎಡ್ಮಂಟನ್‌ನಲ್ಲಿ ಬಯೋವೇರ್ ಸ್ಟುಡಿಯೊಗಾಗಿ ಆಟ ಪರೀಕ್ಷಿಸುತ್ತಿದ್ದ ಕೀವರ್ಡ್ಸ್ ನೌಕರರು 2022ರಲ್ಲಿ ಒಮ್ಮತದಿಂದ ಸಂಘ ಕಟ್ಟಿದರು. 2023ರಲ್ಲಿ ಗುತ್ತಿಗೆ ನವೀಕರಣವಾಗದೆ ಅವರಲ್ಲಿ 13 ಜನ ಕೆಲಸ ಕಳೆದುಕೊಂಡರು. ಅಮೆರಿಕದ ಖಾಯಂ ನೌಕರರಿಗೂ ನೆಮ್ಮದಿಯಿರಲಿಲ್ಲ. ಗೇಮ್ ಕಂಪನಿ ಆಕ್ಟಿವಿಷನ್ ಬ್ಲಿಝಾರ್ಡನ್ನು 6,870 ಕೋಟಿ ಡಾಲರ್‌ಗೆ ಕೊಂಡ ಮೂರೇ ತಿಂಗಳಲ್ಲಿ, 2024ರ ಜನವರಿಯಲ್ಲಿ, ಮೈಕ್ರೊಸಾಫ್ಟ್ ತನ್ನ ಗೇಮ್ ವಿಭಾಗದ 1,900 ಜನರನ್ನು ಕಳಿಸಿತು. ಆ ಕೆಲಸಗಳನ್ನು ಏಷ್ಯಾ ಕಿತ್ತುಕೊಂಡಿತು ಎಂಬ ಸಿಟ್ಟು ಅಲ್ಲಿ ಕೇಳಿಬರುತ್ತದೆ. ಕೊರೊನಾ ಕಾಲದ ಅತಿ ನೇಮಕಾತಿ, ಏರಿದ ಬಡ್ಡಿದರ ಮುಖ್ಯ ಕಾರಣ ಎನ್ನುವವರ ವಾದವೇ ಹೆಚ್ಚು ಗಟ್ಟಿ. ಏಕೆಂದರೆ ಏಷ್ಯಾದಲ್ಲೂ ಕತ್ತರಿ ಆಡಿತು: 2025ರ ಜುಲೈಯಲ್ಲಿ ವರ್ಚುವೊಸ್ ಸುಮಾರು 270 ಹುದ್ದೆ ಕಡಿತ ಪ್ರಕಟಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಕುಸಿದಾಗ, ಸಿನಿಮಾ ಗ್ರಾಫಿಕ್ಸ್ ಮಾಡುತ್ತಿದ್ದ ಬೆಂಗಳೂರಿನ ದೊಡ್ಡ ಸಂಖ್ಯೆಯ ಕಲಾವಿದರ ಬದುಕು ರಾತ್ರೋರಾತ್ರಿ ಅತಂತ್ರವಾಯಿತು.

ಕರ್ನಾಟಕ ಸರ್ಕಾರ ಈ ಉದ್ಯಮವನ್ನು ಬಹಳ ಮುಂಚೆಯೇ ಗುರುತಿಸಿತ್ತು. ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ತಂದ ದೇಶದ ಮೊದಲ ರಾಜ್ಯ ಇದು. ಆ ನೀತಿ 2012ರದು. ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರ ಬಂತು. 2024ರಿಂದ 2029ರವರೆಗಿನ ಹೊಸ ನೀತಿ 30,000 ಕೆಲಸಗಳ ಗುರಿ ಇಟ್ಟುಕೊಂಡಿದೆ. ಇವೆಲ್ಲ ಉದ್ಯಮ ಬೆಳೆಸುವ ಕ್ರಮಗಳು, ಸ್ವಾಗತಾರ್ಹ. ನೌಕರನ ಕಡೆಯಿಂದ ನೋಡಿದರೆ ಇನ್ನೊಂದು ಕಾಗದವೂ ಇದೆ.

ಕೆಲಸದ ಹೊತ್ತು, ರಜೆ, ಅಮಾನತು, ವಜಾ ಮುಂತಾದ ಸೇವಾ ಷರತ್ತುಗಳನ್ನು ಬರೆದಿಟ್ಟು ಪ್ರಮಾಣೀಕರಿಸಬೇಕು ಎಂದು 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆ ಹೇಳುತ್ತಿತ್ತು. ರಾಜ್ಯದ ಐ.ಟಿ. ಕಂಪನಿಗಳಿಗೆ ಇದರಿಂದ ವಿನಾಯಿತಿ ಇದ್ದು, 2014ರಲ್ಲಿ ಐದು ವರ್ಷಕ್ಕೆ ಮುಂದುವರಿದಿತ್ತು. ಅದನ್ನು ಮತ್ತೆ ಐದು ವರ್ಷಕ್ಕೆ ವಿಸ್ತರಿಸಿದ್ದು 2019ರ ಮೇ ತಿಂಗಳಲ್ಲಿ, ಧ್ರುವ ರಾಕ್‌ಸ್ಟಾರ್ ಪಾಲಾದ ಅದೇ ತಿಂಗಳು. ವಿನಾಯಿತಿಯ ಪಟ್ಟಿಯಲ್ಲಿ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಎಂಬ ಹೆಸರುಗಳು ಸ್ಪಷ್ಟವಾಗಿವೆ. 2017ರಲ್ಲಿ ಹುಟ್ಟಿದ ಐ.ಟಿ. ನೌಕರರ ಸಂಘ ಕಿಟು ಇದನ್ನು ವಿರೋಧಿಸುತ್ತ ಬಂದಿದೆ. 2024ರ ಜೂನ್‌ನಲ್ಲಿ ವಿನಾಯಿತಿ ಇನ್ನೊಂದು ಐದು ವರ್ಷಕ್ಕೆ ಮುಂದುವರಿಯಿತು. ಅದಕ್ಕೆ ಷರತ್ತುಗಳಿದ್ದವು: ಕಂಪನಿಯೊಳಗೆ ದೂರು ಪರಿಹಾರ ಸಮಿತಿ ಇರಬೇಕು, ಅಮಾನತು ಮತ್ತು ವಜಾ ಮಾಡಿದಾಗ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಈ ಷರತ್ತುಗಳು ಎಷ್ಟು ಸ್ಟುಡಿಯೊಗಳಲ್ಲಿ ಪಾಲನೆಯಾಗಿವೆ ಎಂಬ ಲೆಕ್ಕವನ್ನು ಇಲಾಖೆ ಜನರ ಮುಂದಿಡಬೇಕು. 30,000 ಹೊಸ ಕೆಲಸಗಳ ಮಾತಿಗೆ ಮುನ್ನ ಈಗಿರುವ ಕೆಲಸಗಾರರು ಕೇಳಬೇಕಾದ ಲೆಕ್ಕ ಅದು.